ಅಪ್ಪನ ಮದ್ದಳೆ, ಅಟ್ಟದ ವಿಸಿಆರ್

2006ರ ಆಟಿ ತಿಂಗಳು. ಮಳೆ ಎರಡು ದಿನ ಬಿಡುವು ಕೊಟ್ಟಿತೆಂದು ತೋಟದಲ್ಲಿ ಅಡಿಕೆ ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವ ಕೆಲಸ ನಡೆದಿತ್ತು. ಮಗ ಓಡಿ ಬಂದು, "ಅಜ್ಜ ಟೀವಿಯಲ್ಲಿ ಬರ್ತಾರಂತೆ!" ಎಂದ. ಫೋನು ಮಾಡಿದ್ದವರು ಅಪ್ಪನ ಹಳೆಯ ಒಡನಾಡಿ ಭಾಗವತರು. ಮಾರ್ಚ್ ತಿಂಗಳಲ್ಲಿ ಬೆಂಗಳೂರಿಗೆ ಹೋಗಿ ಚಿತ್ರೀಕರಣ ಮುಗಿಸಿ ಬಂದಿದ್ದ 'ಪಂಚವಟಿ' ಪ್ರಸಂಗದ ಒಂದು ಭಾಗ ಚಂದನ ವಾಹಿನಿಯಲ್ಲಿ ಪ್ರಸಾರವಾಗುತ್ತದೆ, ಮುಂದಿನ ಭಾನುವಾರ ಮಧ್ಯಾಹ್ನ ಮೂರಕ್ಕೆ ಎಂದು ಅವರು ತಿಳಿಸಿದ್ದರು.

ಬೇರೆ ವರ್ಷವಾಗಿದ್ದರೆ ನೋಡಿ ಸಂತೋಷಪಟ್ಟು ಸುಮ್ಮನಾಗುತ್ತಿದ್ದೆವು. ಆದರೆ ಪತ್ತನಾಜೆಗೆ ಮೇಳದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿಟ್ಟ ಹದಿನೈದೇ ದಿನಕ್ಕೆ ಅಪ್ಪನಿಗೆ ಪಾರ್ಶ್ವವಾಯು ಬಡಿದಿತ್ತು. ಮಾತು ಉಳಿಯಿತು, ನಡಿಗೆಯೂ ನಿಧಾನವಾಗಿ ಬಂತು. ಎಡಗೈ ಮಾತ್ರ ಏಳಲಿಲ್ಲ. ನಲವತ್ತು ವರ್ಷ ಮದ್ದಳೆ ನುಡಿಸಿದವರು ಅವರು. ಅವರ ಹತ್ತಿರ ಪಾಠ ಶುರುಮಾಡಿದ್ದ ನನ್ನ ಹತ್ತು ವರ್ಷದ ಮಗನಿಗೆ ಇನ್ನು ಬಾಯಿಯಲ್ಲಿ ಹೇಳಿಕೊಡಬಹುದೇ ಹೊರತು ಎರಡು ಕೈಯಲ್ಲಿ ನುಡಿಸಿ ತೋರಿಸುವಂತಿರಲಿಲ್ಲ. ಆ ಒಂದು ಗಂಟೆಯ ಕಾರ್ಯಕ್ರಮವನ್ನು ಹೇಗಾದರೂ ಹಿಡಿದಿಡಲೇಬೇಕಿತ್ತು.

ಮನೆಯಲ್ಲಿ ಡಿಶ್ ಇತ್ತು. 2004ರ ಡಿಸೆಂಬರಿನಲ್ಲಿ ದೂರದರ್ಶನದವರು ಶುರುಮಾಡಿದ ಡಿಡಿ ಡೈರೆಕ್ಟ್ ಪ್ಲಸ್, ತಿಂಗಳ ಬಾಡಿಗೆ ಇಲ್ಲದ್ದು. ಧ್ವನಿಮುದ್ರಣ, ಚಿತ್ರಮುದ್ರಣಕ್ಕೆಂದು ಇದ್ದದ್ದು ಅಟ್ಟದ ಮೇಲಿನ ವಿಸಿಆರ್ ಒಂದೇ. ಅಕ್ಕನ ಗಂಡ ಭಾವ 1988ರಲ್ಲಿ ದುಬೈಯಿಂದ ಹೊತ್ತು ತಂದದ್ದು. ನಮ್ಮ ಊರಕಡೆ ಆಗ ಕೊಲ್ಲಿಯಿಂದ ಬಂದವರ ಪೆಟ್ಟಿಗೆಯಲ್ಲಿ ಇಂಥದ್ದೊಂದು ಇರುವುದು ಸಾಮಾನ್ಯವಾಗಿತ್ತು. ಕೈಯಲ್ಲಿ ಹತ್ತು ದಿನ ಇತ್ತು. ಜೋಡಿಸುವುದಕ್ಕೆ ಅರ್ಧ ಗಂಟೆ ಸಾಕು ಎಂದುಕೊಂಡೆ.

ಒಂದೇ ಶ್ರುತಿಗೆ ಇಬ್ಬರು ಭಾಗವತರು

ಡಿಶ್ಶಿನ ಪೆಟ್ಟಿಗೆಯಿಂದ ಆಂಟೆನಾ ತಂತಿಯನ್ನು ವಿಸಿಆರ್‌ಗೆ, ವಿಸಿಆರ್‌ನಿಂದ ಇನ್ನೊಂದು ತಂತಿಯನ್ನು ಟೀವಿಗೆ ಕೊಟ್ಟೆ. ಚಿತ್ರ ಬಂತು. ಆದರೆ ಅದರ ಮೇಲೆಲ್ಲ ಓರೆ ಗೆರೆಗಳು, ಚಾಪೆ ಹೆಣೆದ ಹಾಗೆ. ತಂತಿ ಸಡಿಲವಿರಬೇಕೆಂದು ಎರಡು ದಿನ ತಂತಿಗಳನ್ನೇ ತಿರುಚುತ್ತ ಕೂತೆ.

ತಪ್ಪು ತಂತಿಯದಲ್ಲ. ಆಂಟೆನಾ ತಂತಿಯಲ್ಲಿ ಚಿತ್ರ ಕಳಿಸುವಾಗ ಡಿಶ್ ಪೆಟ್ಟಿಗೆಯೂ ವಿಸಿಆರೂ ಒಂದೊಂದು ಪುಟ್ಟ ಟೀವಿ ಕೇಂದ್ರದಂತೆ ಕೆಲಸ ಮಾಡುತ್ತವೆ. ಒಂದೊಂದು ಚಾನೆಲ್ ಸಂಖ್ಯೆಯಲ್ಲಿ ಪ್ರಸಾರ ಮಾಡುತ್ತವೆ. ನಮ್ಮ ಮನೆಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಸಂಖ್ಯೆಯಲ್ಲಿ ನಿಂತಿದ್ದವು. ಇಬ್ಬರು ಭಾಗವತರು ಒಂದೇ ಶ್ರುತಿಯಲ್ಲಿ ಬೇರೆ ಬೇರೆ ಪದ ಎತ್ತಿದರೆ ಕೇಳುವವನ ಗತಿ ಏನು? ಟೀವಿಯ ಗತಿಯೂ ಅದೇ ಆಗಿತ್ತು. ಒಂದರ ಸಂಖ್ಯೆಯನ್ನು ಐದಾರು ಚಾನೆಲ್ ದೂರ ಸರಿಸಿದರೆ ಗೆರೆ ಹೋಗುತ್ತದೆ. ಅದಕ್ಕಿಂತ ಒಳ್ಳೆಯ ದಾರಿ, ಆಂಟೆನಾ ತಂತಿಯನ್ನೇ ಬಿಟ್ಟು ಹಳದಿ, ಬಿಳಿ, ಕೆಂಪು ತುದಿಗಳ ಎವಿ ತಂತಿ ಹಾಕುವುದು.

ಹಾಕಿದೆ. ಟೀವಿಯಿಂದ ಜೀರುಂಡೆಯಂತೆ ಜೊಂಯ್ ಎಂಬ ಸದ್ದು, ಚಿತ್ರ ಇಲ್ಲ. ನಾನು ಹಳದಿಯನ್ನು ಧ್ವನಿಯ ತೂತಿಗೆ ಚುಚ್ಚಿದ್ದೆ! ಹಳದಿ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಧ್ವನಿಗೆ. ನಮ್ಮ ವಿಸಿಆರ್‌ಗೆ ಧ್ವನಿಯ ತೂತು ಒಂದೇ ಇದ್ದುದರಿಂದ ಬಿಳಿಯೊಂದನ್ನೇ ಕೊಟ್ಟೆ. ಆಗಲೂ ಪರದೆ ನೀಲಿಯಾಗಿಯೇ ಇತ್ತು. ವಿಸಿಆರ್ ತನ್ನ ಹಳೆಯ ಆಂಟೆನಾದ ಚಾನೆಲ್‌ನಲ್ಲೇ ಕಾದು ಕೂತಿತ್ತು. ಚಾನೆಲ್ ಗುಂಡಿಯನ್ನು ಒತ್ತುತ್ತ ಹೋದಾಗ ಒಂದರ ಕೆಳಗಡೆ 'ಎವಿ' ಎಂದು ಬಂತು, ಅದರೊಟ್ಟಿಗೆ ಚಿತ್ರವೂ ಬಂತು.

ಹಲ್ಲಿಲ್ಲದ ಕ್ಯಾಸೆಟ್

ಇನ್ನು ಪರೀಕ್ಷೆ. ಕಪಾಟಿನಲ್ಲಿದ್ದ ಒಂದು ಕ್ಯಾಸೆಟ್ ಹಾಕಿ ರೆಕಾರ್ಡ್ ಒತ್ತಿದೆ. ವಿಸಿಆರ್ ಅದನ್ನು ಹೊರಗೆ ಉಗುಳಿತು. ಮತ್ತೆ ಹಾಕಿದೆ, ಮತ್ತೆ ಉಗುಳಿತು. ಮಗ ಕ್ಯಾಸೆಟ್ ತಿರುಗಿಸಿ ನೋಡಿ, "ಇಲ್ಲಿ ಒಂದು ತುಂಡು ಮುರಿದಿದೆ, ಅಂಟುಪಟ್ಟಿ ಹಚ್ಚಿದರೆ ಆಗ್ತದಾ?" ಎಂದ.

ಆಗುತ್ತಿತ್ತು. ಕ್ಯಾಸೆಟ್ಟಿನ ಬೆನ್ನಿನ ಅಂಚಿನಲ್ಲಿ ಪ್ಲಾಸ್ಟಿಕ್ಕಿನ ಒಂದು ಪುಟ್ಟ ಹಲ್ಲು ಇರುತ್ತದೆ. ಅದು ಇದ್ದರೆ ಮಾತ್ರ ವಿಸಿಆರ್ ಮುದ್ರಿಸಿಕೊಳ್ಳುತ್ತದೆ. ಮುರಿದಿದ್ದರೆ ಇಲ್ಲ. ಆ ಜಾಗಕ್ಕೆ ಅಂಟುಪಟ್ಟಿ ಹಚ್ಚಿದರೆ ಯಂತ್ರ ಮೋಸಹೋಗುತ್ತದೆ. ನಾನು ಪಟ್ಟಿ ಹುಡುಕುತ್ತಿದ್ದಾಗ ಹೆಂಡತಿ ಅಡುಗೆಮನೆಯಿಂದ ಬಂದು ಕ್ಯಾಸೆಟ್ ಕಿತ್ತುಕೊಂಡಳು. "ಯಾಕೆ ಮುರಿದದ್ದು ಅಂತ ಯೋಚಿಸಿದ್ದೀರಾ? ಇದು ನಮ್ಮ ಮದುವೆದು."

ಚೀಟಿ ಗೆದ್ದಲು ತಿಂದು ಹೋಗಿತ್ತು. ಇನ್ನೊಂದು ನಿಮಿಷ ತಡವಾಗಿದ್ದರೆ ನಮ್ಮ ಧಾರೆಯ ಮೇಲೆ ಯಾವುದೋ ವಾರ್ತೆ ಕೂರುತ್ತಿತ್ತು. ಮಾರನೆಯ ದಿನ ಪುತ್ತೂರು ಪೇಟೆಗೆ ಹೋಗಿ, ಫೋಟೋ ಸ್ಟುಡಿಯೊ ಒಂದರ ಕಪಾಟಿನ ಹಿಂಭಾಗದಲ್ಲಿ ಉಳಿದಿದ್ದ ಎರಡು ಹೊಸ ಇ-180 ಕ್ಯಾಸೆಟ್ ತಂದೆ. ಅದರಲ್ಲಿ ಮೂರು ಗಂಟೆ ಹಿಡಿಸುತ್ತದೆ. ಒಳಗಿರುವ ಟೇಪಿನ ಉದ್ದ ಸುಮಾರು 250 ಮೀಟರ್ ಎಂದಾಗ ಮಗ, ಮನೆಯಿಂದ ಗೇಟಿನವರೆಗೆ ಹೋಗಿ ಬರುವಷ್ಟು ಎಂದು ಲೆಕ್ಕ ಹಾಕಿದ.

ಬಣ್ಣ ಎಲ್ಲಿ ಹೋಯಿತು?

ಹೊಸ ಕ್ಯಾಸೆಟ್ಟಿನಲ್ಲಿ ಮುದ್ರಿಸಿ ಹಿಂದೆ ತಿರುಗಿಸಿ ನೋಡಿದರೆ ಚಿತ್ರ ಕಪ್ಪು ಬಿಳುಪು. ಮೇಲಿಂದ ಹಿಮ ಸುರಿದಂತೆ ಚುಕ್ಕೆಗಳು. ಎರಡು ರೋಗ ಒಟ್ಟಿಗೇ.

ಬಣ್ಣದ ರೋಗ ಹಿಡಿದವನು ಮಗ. ಯಂತ್ರದ ಹಿಂದೆ ಒಂದು ಪುಟ್ಟ ಸ್ವಿಚ್ಚು, ಅದರ ಪಕ್ಕದಲ್ಲಿ ಪಾಲ್, ಮೆಸೆಕಾಮ್ ಎಂದು ಎರಡು ಹೆಸರು. ಬಣ್ಣವನ್ನು ಸಂಕೇತದೊಳಗೆ ಸೇರಿಸುವ ವಿಧಾನ ಎಲ್ಲ ದೇಶಗಳಲ್ಲೂ ಒಂದೇ ಅಲ್ಲ. ನಮ್ಮಲ್ಲಿ ಪಾಲ್, ಸೌದಿ ಅರೇಬಿಯಾದಂಥ ಕಡೆ ಒಂದು ಕಾಲಕ್ಕೆ ಸೆಕಾಮ್. ಕೊಲ್ಲಿಯಲ್ಲಿ ಮಾರುವ ಯಂತ್ರ ಎರಡಕ್ಕೂ ಒಗ್ಗಬೇಕೆಂದು ಆ ಸ್ವಿಚ್ಚು. ಅಟ್ಟದಿಂದ ಇಳಿಸುವಾಗಲೋ ಏನೋ ಅದು ಸರಿದುಹೋಗಿತ್ತು. ಪಾಲ್‌ಗೆ ತಳ್ಳಿದೆವು, ಬಣ್ಣ ಬಂತು.

ಚುಕ್ಕೆಗಳಿಗೆ ಕಾರಣ ಕೊಳೆ. ವಿಸಿಆರ್‌ನ ಒಳಗೆ ಹೊಳೆಯುವ ಲೋಹದ ಒಂದು ಉರುಳೆ ಇದೆ. ಟೇಪು ಸೆಕೆಂಡಿಗೆ ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು ವೇಗದಲ್ಲಿ ತೆವಳುತ್ತಿದ್ದರೆ, ಆ ಉರುಳೆ ನಿಮಿಷಕ್ಕೆ 1,500 ಸುತ್ತು ತಿರುಗುತ್ತ ಅದರ ಮೇಲೆ ಓರೆಯಾಗಿ ಚಿತ್ರ ಬರೆಯುತ್ತದೆ. ಬರೆಯುವ ಲೇಖನಿಗಳೇ ಹೆಡ್‌ಗಳು. ಕೂದಲಿಗಿಂತ ಸೂಕ್ಷ್ಮವಾದ ಅವುಗಳ ಸೀಳಿನಲ್ಲಿ ಒಂದಿಷ್ಟು ಬೂಷ್ಟು ಕೂತರೂ ಚಿತ್ರ ಕೆಟ್ಟಿತು. ನಮ್ಮ ಮಳೆಗಾಲದಲ್ಲಿ ಬೂಷ್ಟಿಗೇನು ಬರಗಾಲ! ನಾನು ಹತ್ತಿಕಡ್ಡಿ ಹಿಡಿದು ಹೊರಟಿದ್ದೆ. ಪೇಟೆಯ ರೇಡಿಯೊ ರಿಪೇರಿಯ ಹಿರಿಯರು ಫೋನಿನಲ್ಲೇ ಗದರಿದರು. ಹತ್ತಿಯ ಎಳೆ ಸಿಕ್ಕಿಕೊಂಡರೆ ಹೆಡ್ ಮುರಿಯುತ್ತದಂತೆ. ಪ್ಲಗ್ ಕಿತ್ತು, ಮೆತ್ತನೆಯ ಚರ್ಮದ ತುಂಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹನಿಸಿ, ಅದನ್ನು ಉರುಳೆಗೆ ತಾಗಿಸಿ ಅಲುಗದಂತೆ ಹಿಡಿದು, ಇನ್ನೊಂದು ಕೈಯಿಂದ ಉರುಳೆಯನ್ನೇ ನಿಧಾನ ತಿರುಗಿಸಬೇಕು. ಮೇಲೆ ಕೆಳಗೆ ಮಾತ್ರ ಎಂದಿಗೂ ಉಜ್ಜಬಾರದು. ಹಾಗೆಯೇ ಮಾಡಿದೆ. ಹಿಮ ಕರಗಿತು.

ನಂಬಬಾರದ ಟೈಮರ್

ಗುರುವಾರ ಟೈಮರ್ ಪರೀಕ್ಷೆ ಮಾಡಿದೆ. ಮೂರು ಗಂಟೆಗೆ ವಿಸಿಆರ್ ತಾನೇ ಎದ್ದು ಮುದ್ರಿಸಿತು. ನೋಡಿದರೆ ಪೂರ್ತಿ ಒಂದು ಗಂಟೆ ಖಾಲಿ ಪರದೆ. ವಿಸಿಆರ್ ಎದ್ದಿತ್ತು, ಡಿಶ್ ಪೆಟ್ಟಿಗೆ ಮಲಗಿತ್ತು!

ಆಂಟೆನಾದ ಕಾಲದಲ್ಲಿ ಚಾನೆಲ್ ಆರಿಸುವ ಕೆಲಸ ವಿಸಿಆರ್‌ನದೇ ಆಗಿತ್ತು. ಈಗ ಅದು ಡಿಶ್ ಪೆಟ್ಟಿಗೆಯ ಕೈಗೆ ಹೋಗಿದೆ. ಪೆಟ್ಟಿಗೆ ಕೊಟ್ಟದ್ದನ್ನು ವಿಸಿಆರ್ ಬರೆದುಕೊಳ್ಳುತ್ತದೆ, ಅಷ್ಟೇ. ಪೆಟ್ಟಿಗೆಯನ್ನು ಏಳಿಸಲು, ಚಂದನಕ್ಕೆ ತಿರುಗಿಸಲು ಅದಕ್ಕೆ ಗೊತ್ತಿಲ್ಲ. ನಡುವೆ ಯಾರಾದರೂ ಚಾನೆಲ್ ಬದಲಿಸಿದರೆ ಮುದ್ರಣದಲ್ಲೂ ಅದೇ ಬರುತ್ತದೆ. ಮೇಲಾಗಿ ರಾತ್ರಿ ಕರೆಂಟು ಹೋಗಿ ಬಂದು ವಿಸಿಆರ್‌ನ ಗಡಿಯಾರ ಸೊನ್ನೆ ಸೊನ್ನೆ ಎಂದು ಮಿಣುಕುತ್ತಿತ್ತು. ಟೈಮರ್ ಆಸೆ ಬಿಟ್ಟೆವು. ಭಾನುವಾರಕ್ಕೆ ನೆರೆಮನೆಯವರ ಇನ್ವರ್ಟರ್ ಕೇಳಿ ತಂದೆ. ಹೆಂಡತಿ ಎರಡೂವರೆಗೇ ಚಂದನ ಹಾಕಿ, ರಿಮೋಟಿನ ಬ್ಯಾಟರಿ ತೆಗೆದು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಳು.

ಹನ್ನೊಂದು ನಿಮಿಷ

ಮೂರಕ್ಕೆ ಸರಿಯಾಗಿ ಮಗ ರೆಕಾರ್ಡ್ ಒತ್ತಿದ. ಕೆಂಪು ದೀಪ ಹತ್ತಿತು. ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಜೀವಮಾನವಿಡೀ ವೇಷಗಳ ಬೆನ್ನ ಹಿಂದೆ ಕೂತವರು ತಮ್ಮನ್ನು ತಾವು ಎದುರಿನಿಂದ ನೋಡಿದ್ದು ಅದೇ ಮೊದಲು. "ಕುತ್ತಿಗೆ ಯಾಕೆ ಹಾಗೆ ಬಾಗಿಸ್ತೇನೆ?" ಎಂದರು.

ಇಪ್ಪತ್ತು ನಿಮಿಷ ಕಳೆದಿರಬೇಕು. ಆಗ್ನೇಯ ದಿಕ್ಕಿನಿಂದ ಕಪ್ಪಾಗಿ ಮಳೆ ಎದ್ದು ಬಂತು. ನಮ್ಮ ಡಿಶ್ ಮುಖ ಮಾಡಿರುವುದೂ ಆ ದಿಕ್ಕಿಗೇ. ಶೂರ್ಪನಖಿಯ ಪ್ರವೇಶದ ಹೊತ್ತಿಗೆ ಚಿತ್ರ ಚೌಕ ಚೌಕವಾಗಿ ಒಡೆಯಿತು, ಸ್ತಬ್ಧವಾಯಿತು, ಆಮೇಲೆ ಸಂಕೇತವಿಲ್ಲ ಎಂಬ ಬರಹ ಬಂತು.

ಮಗ ಛತ್ರಿ ಹಿಡಿದು ಅಂಗಳಕ್ಕೆ ಹೊರಟ, ಡಿಶ್ಶಿಗೆ ಹಿಡಿಯಲಿಕ್ಕೆ. ಅವನನ್ನು ತಡೆದು ಕೂರಿಸಿದೆ. ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಅಷ್ಟು ದೂರದಿಂದ ಬರುವ ಅಲೆಗೆ ತೊಂದರೆ ಕೊಡುವುದು ಡಿಶ್ಶಿನ ಮೇಲೆ ಬೀಳುವ ನಾಲ್ಕು ಹನಿಯಲ್ಲ. ಕೊನೆಯ ಕೆಲವು ಕಿಲೋಮೀಟರ್ ದಾರಿಯುದ್ದಕ್ಕೂ ಸುರಿಯುತ್ತಿರುವ ಮಳೆ. ಮನೆಯ ಪುಟ್ಟ ಡಿಶ್ ಹಿಡಿಯುವ ಕು ಬ್ಯಾಂಡ್ ಅಲೆಯ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು. ದಪ್ಪ ಮಳೆಹನಿಗಳು ಅದನ್ನು ಹೀರುತ್ತವೆ, ಚದುರಿಸುತ್ತವೆ. ಕೇಬಲ್‌ನವರ ದೊಡ್ಡ ಡಿಶ್ ಹಿಡಿಯುವ ಸಿ ಬ್ಯಾಂಡ್ ಅಲೆ ಅದರ ಮೂರರಷ್ಟು ಉದ್ದ, ಹಾಗಾಗಿ ಮಳೆಯ ಕಾಟ ಅದಕ್ಕೆ ಕಡಿಮೆ. ಹಳೆಯ ಟೀವಿಯಲ್ಲಿ ಸಂಕೇತ ಸೋತರೆ ಚುಕ್ಕೆಗಳ ನಡುವೆ ಚಿತ್ರದ ನೆರಳಾದರೂ ಕಾಣುತ್ತಿತ್ತು. ಡಿಜಿಟಲ್‌ನಲ್ಲಿ ಇದ್ದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ. ಪೇಟೆಯಲ್ಲಿ ಕೇಬಲ್ ಇರುವ ಸ್ನೇಹಿತನ ಮನೆಯಲ್ಲೂ ಒಂದು ಪ್ರತಿ ಮಾಡಿಸಬೇಕಿತ್ತೆಂದು ಆಗ ಹೊಳೆದು ಏನು ಪ್ರಯೋಜನ?

ನಿಲ್ಲಿಸಲು ಕೈ ಚಾಚಿದೆ. "ಬೇಡ, ಓಡ್ತಾ ಇರಲಿ," ಎಂದ ಮಗ. ಅವನು ಹೇಳಿದ್ದು ಸರಿಯಾಯಿತು. ಹನ್ನೊಂದು ನಿಮಿಷದ ಮೇಲೆ ಮಳೆ ತಗ್ಗಿ, ಯಾವ ಮುನ್ಸೂಚನೆಯೂ ಇಲ್ಲದೆ ಚಿತ್ರ ಮರಳಿದಾಗ ಪರದೆಯ ತುಂಬ ಮದ್ದಳೆ, ಅದರ ಮೇಲೆ ಅಪ್ಪನ ಎರಡೂ ಕೈ. ಕ್ಯಾಮೆರಾ ಅಲ್ಲಿಯೇ ಸಾಕಷ್ಟು ಹೊತ್ತು ನಿಂತಿತ್ತು.

ರಾತ್ರಿ ಊಟವಾದ ಮೇಲೆ ಎಲ್ಲರೂ ಮತ್ತೆ ನೋಡಲು ಕೂತೆವು. ಖಾಲಿ ಪರದೆ ಬಂದಾಗ ಮುಂದಕ್ಕೆ ಓಡಿಸಲು ಎದ್ದೆ. ಅಪ್ಪ ಬೇಡವೆಂದು ತಲೆಯಾಡಿಸಿದರು. ಆ ಹೊತ್ತಿಗೆ ಬರಬೇಕಾಗಿದ್ದ ಪದವನ್ನು ಮೆಲ್ಲಗೆ ಗುನುಗುತ್ತ ಬಲಗೈಯಿಂದ ತೊಡೆಯ ಮೇಲೆ ನುಡಿಸತೊಡಗಿದರು. ಸ್ವಲ್ಪ ಹೊತ್ತಿಗೆ ಮಗ ತನ್ನ ಮದ್ದಳೆ ತಂದು ಅವರ ಪಕ್ಕದಲ್ಲಿ ಕೂತ. ಬಲದ ಪೆಟ್ಟು ಅಜ್ಜನದು, ಎಡದ ಪೆಟ್ಟು ಮೊಮ್ಮಗನದು. ಮೂರು ಕಡೆ ತಪ್ಪಿದ, ಮೂರು ಸಲವೂ ಬೈಸಿಕೊಂಡ. ಪರದೆಯಲ್ಲಿ ಚಿತ್ರ ಮರಳುವವರೆಗೆ ಇಬ್ಬರೂ ನಿಲ್ಲಿಸಲಿಲ್ಲ.

ನಿಮ್ಮ ಮನೆಯಲ್ಲೂ ಹಳೆಯ ವಿಸಿಆರ್ ಇದ್ದರೆ

ಏನಾದರೂ ಮುದ್ರಿಸಬೇಕಾದರೆ ಡಿಶ್ಶಿನಿಂದ ಹಿಡಿದು ಚಿತ್ರ ಬರುವ ದಾರಿಯಲ್ಲೇ ಒಂದೊಂದು ಕೀಲನ್ನೂ ಪರೀಕ್ಷಿಸುತ್ತ ಬನ್ನಿ. ಎರಡು ಕಡೆ ಒಟ್ಟಿಗೆ ಬದಲಿಸಬೇಡಿ, ಯಾವುದು ಸರಿಹೋಯಿತೆಂದು ತಿಳಿಯುವುದಿಲ್ಲ. ಎವಿ ತಂತಿ ಬಳಸಿ. ಹಿಂದಿನ ದಿನ ಹತ್ತು ನಿಮಿಷ ಮುದ್ರಿಸಿ, ಹಿಂದೆ ತಿರುಗಿಸಿ, ಕಣ್ಣಾರೆ ನೋಡಿ. ಡಿಶ್ಶಿನ ಎದುರಿಗೆ ತೆಂಗಿನ ಮಡಲು ಬಾಗಿದ್ದರೆ ಕಡಿಯಿರಿ. ಮಳೆಗಾಲವಾದರೆ ಇನ್ನೊಂದು ಮನೆಯಲ್ಲೂ ಒಂದು ಪ್ರತಿಗೆ ಹೇಳಿಡಿ. ಮುದ್ರಿಸಿದ ಕ್ಯಾಸೆಟ್ಟನ್ನು ಪೂರ್ತಿ ಹಿಂದಕ್ಕೆ ಸುತ್ತಿ, ನಿಲ್ಲಿಸಿ, ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಆದಷ್ಟು ಬೇಗ ಸಿ.ಡಿ.ಗೆ ವರ್ಗಾಯಿಸಿಕೊಳ್ಳಿ.

ಮತ್ತೆ, ಮುದ್ರಿಸಿದ ದಿನವೇ ಆ ಪುಟ್ಟ ಹಲ್ಲನ್ನು ಮುರಿದುಬಿಡಿ. ನಮ್ಮ ಕ್ಯಾಸೆಟ್ಟಿನ ಹಲ್ಲು ಮುರಿದದ್ದು ಅಪ್ಪ. ಮಗ ಕ್ಯಾಸೆಟ್ ಹಿಡಿದುಕೊಂಡ, ಅವರು ಬಲಗೈಯಲ್ಲಿ ಅಡಿಕೆ ಕತ್ತರಿಸುವ ಕತ್ತಿಯ ತುದಿ ಊರಿ ಟಕ್ಕೆಂದು ಎಬ್ಬಿಸಿದರು. ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ 'ಅಜ್ಜನ ಮದ್ದಳೆ' ಎಂದು ಬರೆದವನು ಮಗ.