ಹುಡುಗರಿಗೆಂದು ಹೊರಟ ವೇದಾಂತ

ಹೊಸ ಪತ್ರಿಕೆ ಕೈಸೇರಿದಾಗ ವಿವೇಕಾನಂದರು ಸ್ವಿಟ್ಜರ್ಲೆಂಡಿನಲ್ಲಿದ್ದರು. ಮುಖಪುಟ ನೋಡಿ ಅವರಿಗೆ ರೇಗಿತು. ಆಲದ ಮರ, ಬೆಟ್ಟ, ಒಬ್ಬ ಸಾಧು, ಸಾಲದ್ದಕ್ಕೆ ಒಂದು ಯುರೋಪಿಯನ್ ಜೋಡಿ, ಎಲ್ಲವನ್ನೂ ಒಂದೇ ಚಿತ್ರದಲ್ಲಿ ತುರುಕಿದ್ದರು. ಇದರಲ್ಲಿ ಎಚ್ಚರವಾಗುವುದನ್ನು ಸೂಚಿಸುವ ಒಂದಾದರೂ ಇದೆಯೇ, ಮನುಷ್ಯರ ಚಿತ್ರವೇ ಬೇಡ, ಕಮಲ ಯಾಕಾಗಬಾರದು ಎಂಬ ಧಾಟಿಯ ಕಾಗದ 1896ರ ಆಗಸ್ಟ್‌ನಲ್ಲಿ ಮದರಾಸಿನ ಡಾಕ್ಟರ್ ನಂಜುಂಡರಾವ್ ಅವರಿಗೆ ಹೋಯಿತು. ಪತ್ರಿಕೆಯ ಹೆಸರು ‘ಪ್ರಬುದ್ಧ ಭಾರತ’. ಆ ಜುಲೈನಲ್ಲಷ್ಟೇ ಶುರುವಾಗಿದ್ದ ಇಂಗ್ಲಿಷ್ ಮಾಸಿಕ.

ಮದರಾಸಿನಲ್ಲಿ ಆಗಲೇ ಒಂದು ವೇದಾಂತ ಪತ್ರಿಕೆ ಇತ್ತು, 1895ರಲ್ಲಿ ಹುಟ್ಟಿದ ‘ಬ್ರಹ್ಮವಾದಿನ್’. ಅದನ್ನು ಹೆಗಲ ಮೇಲೆ ಹೊತ್ತವರು ಅಳಸಿಂಗ ಪೆರುಮಾಳ್; ನಮ್ಮ ಚಿಕ್ಕಮಗಳೂರಿನಲ್ಲಿ ಹುಟ್ಟಿ ಮದರಾಸಿನಲ್ಲಿ ಮೇಷ್ಟ್ರಾಗಿದ್ದವರು. ಅದು ಪಂಡಿತರ ಪತ್ರಿಕೆ. ಹುಡುಗರಿಗೂ ಒಂದು ಬೇಕು ಎಂದು ನಂಜುಂಡರಾವ್ ಮತ್ತು ಗೆಳೆಯರು ಹೊರಟಾಗ ವಿವೇಕಾನಂದರು ಕೊಟ್ಟ ಸಲಹೆ ಬಹಳ ಖಚಿತವಾಗಿತ್ತು. ಪಾಂಡಿತ್ಯವನ್ನು ‘ಬ್ರಹ್ಮವಾದಿನ್’ ನೋಡಿಕೊಳ್ಳುತ್ತದೆ, ನಿಮಗದು ಬೇಡ. ಭಾಷೆ ಆದಷ್ಟೂ ಸರಳವಾಗಿರಲಿ. ಸಂಸ್ಕೃತದಲ್ಲಿ ಚೆಲ್ಲಾಡಿಕೊಂಡಿರುವ ಕಥೆಗಳನ್ನು ಹೊಸದಾಗಿ ಹೇಳಿ, ತತ್ತ್ವ ಅದರೊಳಗಿಂದಲೇ ಬರಲಿ. ಅಜ್ಜಿಯರಿಗೆ ಗೊತ್ತಿದ್ದ ಉಪಾಯವೇ, ಆದರೆ ಸಂಪಾದಕರಿಗೆ ಬಿಡಿಸಿ ಹೇಳಬೇಕಾಗುತ್ತದೆ.

ಅದೃಷ್ಟಕ್ಕೆ ಸಿಕ್ಕ ಸಂಪಾದಕ ಕಥೆಗಾರನೇ ಆಗಿದ್ದ. ಬಿ.ಆರ್. ರಾಜಂ ಅಯ್ಯರ್ ವಯಸ್ಸು 24. ತಮಿಳಿನ ಮೊದಮೊದಲ ಕಾದಂಬರಿಗಳಲ್ಲಿ ಒಂದಾದ ‘ಕಮಲಾಂಬಾಳ್ ಚರಿತ್ರಂ’ ಬರೆದು ಮುಗಿಸಿದ್ದವರು. ಪತ್ರಿಕೆಯ ಬಹುಪಾಲು ಪುಟಗಳನ್ನು ಅವರೇ ತುಂಬುತ್ತಿದ್ದರು. ಒಂದೇ ಹೆಸರು ಎಲ್ಲ ಕಡೆ ಕಂಡರೆ ಓದುಗರಿಗೆ ಬೇಸರವಲ್ಲವೇ, ಅದಕ್ಕೆ ಬಗೆಬಗೆಯ ಗುಪ್ತನಾಮಗಳು. ‘ಯಾರೋ ಯಾರಿಗೆ ಗೊತ್ತು’ ಎಂಬರ್ಥದ್ದೂ ಒಂದಿತ್ತು! ಸಣ್ಣ ಪತ್ರಿಕೆ ನಡೆಸಿದ ಯಾರಿಗೂ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಪ್ರಬಂಧ, ದೃಷ್ಟಾಂತ ಕಥೆ ಸಾಲದೆಂಬಂತೆ ‘ವಾಸುದೇವ ಶಾಸ್ತ್ರಿ’ ಎಂಬ ಇಂಗ್ಲಿಷ್ ಕಾದಂಬರಿಗೂ ಕೈಹಾಕಿದರು.

1898ರ ಮೇನಲ್ಲಿ ರಾಜಂ ಅಯ್ಯರ್ ತೀರಿಕೊಂಡರು. ಅವರಿಗೆ 26 ತುಂಬಿತ್ತಷ್ಟೆ. ಒಬ್ಬನೇ ಎಳೆಯುತ್ತಿದ್ದ ಬಂಡಿ, ಅಲ್ಲಿಗೆ ನಿಂತಿತು.

ಆಗ ವಿವೇಕಾನಂದರು ಹಿಮಾಲಯದ ಆಲ್ಮೋರದಲ್ಲಿದ್ದರು. ಜೊತೆಗೆ ಇಂಗ್ಲೆಂಡಿನಿಂದ ಬಂದ ಸೇವಿಯರ್ ದಂಪತಿ. ಪತ್ರಿಕೆ ನಿಲ್ಲಬಾರದು ಎಂದದ್ದೇ ತಡ, ಕ್ಯಾಪ್ಟನ್ ಸೇವಿಯರ್ ದುಡ್ಡು ಹಾಕಿದರು. ಕಲ್ಕತ್ತೆಯಿಂದ ಕೈ ಅಚ್ಚುಯಂತ್ರ, ಅಚ್ಚುಮೊಳೆ, ಕಾಗದ, ಮಸಿ ಎಲ್ಲವೂ ಬೆಟ್ಟ ಹತ್ತಿದವು. ವಿವೇಕಾನಂದರ ಶಿಷ್ಯ ಸ್ವರೂಪಾನಂದರು ಸಂಪಾದಕರಾದರು. ಆಗಸ್ಟ್‌ನಲ್ಲಿ ಪತ್ರಿಕೆ ಮತ್ತೆ ಹೊರಬಂತು. ಮರುಹುಟ್ಟಿಗೆಂದು ವಿವೇಕಾನಂದರೇ ಒಂದು ಪದ್ಯ ಬರೆದುಕೊಟ್ಟರು.

1899ರ ಮಾರ್ಚ್‌ನಲ್ಲಿ ಪತ್ರಿಕೆಯ ಇಡೀ ಸಂಸಾರ ಇನ್ನೂ ಒಳಗೆ, ಮಾಯಾವತಿಗೆ ಹೋಯಿತು. ಲೋಹಾಘಾಟ್ ಹತ್ತಿರ, ಸುಮಾರು 6,400 ಅಡಿ ಎತ್ತರದಲ್ಲಿ ಹಿಂದೆ ಚಹಾ ತೋಟವಾಗಿದ್ದ ಜಾಗ. ದೇವದಾರು, ಓಕ್ ಮರಗಳು, ಆಚೆಗೆ ಹಿಮದ ಸಾಲು. ಓದುಗರೆಲ್ಲ ಬಯಲಿನಲ್ಲಿ, ಅಚ್ಚುಕೂಟ ಕಾಡಿನಲ್ಲಿ. ಪತ್ರಿಕಾ ವ್ಯವಹಾರ ಬಲ್ಲ ಯಾರೂ ಕೊಡದ ಸಲಹೆ ಇದು. ಆದರೂ ಮೊಳೆ ಜೋಡಿಸುವುದು, ತಿದ್ದುವುದು, ಟಪಾಲಿಗೆ ಹಾಕುವುದು ಎಲ್ಲ ನಡೆದೇ ನಡೆಯಿತು. ಮರುವರ್ಷ ಸೇವಿಯರ್ ಅಲ್ಲೇ ತೀರಿಕೊಂಡರು. ಅವರ ಪತ್ನಿಯನ್ನು ಕಂಡು ಸಮಾಧಾನ ಹೇಳಲು ವಿವೇಕಾನಂದರು 1901ರ ಜನವರಿಯಲ್ಲಿ ಹಿಮ ತುಳಿದುಕೊಂಡು ಬಂದರು. ಆರೋಗ್ಯ ಕೆಟ್ಟಿತ್ತು. ಆದರೂ ಇದ್ದ ಹದಿನೈದು ದಿನಗಳಲ್ಲಿ ಪತ್ರಿಕೆಗೆ ಮೂರು ಲೇಖನ ಬರೆದರು. ಕಥೆ ಹೇಳಿ ಎಂದವರೇ ಬರೆದ ಅವುಗಳಲ್ಲಿ ಒಂದೂ ಕಥೆಯಲ್ಲ ಎನ್ನುವುದು ತಮಾಷೆ.

ಅಲ್ಲಿಂದ ಪತ್ರಿಕೆಯ ನಡೆ ನಿಧಾನವಾಗಿ ಬದಲಾಯಿತು. ಸ್ವರೂಪಾನಂದರ ಗೀತಾನುವಾದ ಕಂತುಕಂತಾಗಿ ಬಂತು. ವಿವೇಕಾನಂದರ ಶಿಷ್ಯೆ ನಿವೇದಿತಾ ತಮ್ಮ ಗುರುವಿನ ನೆನಪುಗಳನ್ನು ಇಲ್ಲೇ ಬರೆದರು. ಮುದ್ರಣ ಮುಂದೆ ಕಲ್ಕತ್ತೆಗೆ ಇಳಿಯಿತು, ಸಂಪಾದಕೀಯ ವಿಳಾಸ ಮಾತ್ರ ಮಾಯಾವತಿಯೇ. ಅಳಸಿಂಗರು 1909ರಲ್ಲಿ ಹೋದ ಮೇಲೆ ‘ಬ್ರಹ್ಮವಾದಿನ್’ ತೆವಳಿ 1914ರಲ್ಲಿ ನಿಂತಿತು. ಹುಡುಗರ ಪತ್ರಿಕೆ 2021ರಲ್ಲಿ 125ನೇ ವರ್ಷದ ಸಮಾರಂಭ ಮಾಡಿಕೊಂಡಿತು. ಈಗಿನ ಸಂಚಿಕೆ ತೆರೆದರೆ ಶಾಂಕರಭಾಷ್ಯ, ಪಾಶ್ಚಾತ್ಯ ದಾರ್ಶನಿಕರು, ಪುಟದಡಿಯಲ್ಲಿ ಟಿಪ್ಪಣಿಗಳ ಸಾಲು. ಪಂಡಿತರ ಪತ್ರಿಕೆ ಸತ್ತು ಅದರ ಕೆಲಸ ತಮ್ಮನ ತಲೆಗೆ ಬಂದಂತಿದೆ. ನನಗಂತೂ ರಾಜಂ ಅಯ್ಯರ್ ಪುಟಗಳೇ ಇಷ್ಟ. ‘ವಾಸುದೇವ ಶಾಸ್ತ್ರಿ’ಯನ್ನು ಓದುತ್ತ ಹೋದರೆ ಕಥೆ ನಡುದಾರಿಯಲ್ಲೇ ನಿಂತುಬಿಡುತ್ತದೆ. ಅದನ್ನು ಮುಗಿಸಲು ಅವರಿಗೆ ಪುರುಸೊತ್ತಾಗಲಿಲ್ಲ.