ಹೊಲ, ಒಲೆ ಎರಡೂ ಒಂದೇ ಪುಸ್ತಕದಲ್ಲಿ

ಮನೆಗೊಂದು ಅಡುಗೆ ಪುಸ್ತಕ ಯಾವುದು ಚಲೋ ಅಂತ ಯಾರಾದರೂ ಕೇಳಿದರೆ, ನಾನು ಹೇಳೋ ಹೆಸರು ‘ಲೋಕೋಪಕಾರ’. ಚಾಲುಕ್ಯರ ಕಾಲದಲ್ಲಿ, ಕ್ರಿ.ಶ. 1025ರ ಸುಮಾರಿಗೆ ಎರಡನೇ ಚಾವುಂಡರಾಯ ಕನ್ನಡದಲ್ಲೇ ಬರೆದದ್ದು. ಅದರಲ್ಲಿ ಅಡುಗೆಗೆ ‘ಸೂಪಶಾಸ್ತ್ರ’ ಅಂತ ಒಂದು ಅಧ್ಯಾಯ ಐತಿ. ಅದೇ ಪುಸ್ತಕದಲ್ಲಿ ಅಂತರ್ಜಲ ಹುಡುಕೋದು, ಗಿಡಮರಗಳ ಆರೈಕೆ, ಔಷಧಿ ವಿಚಾರನೂ ಅದಾವ. ಹೊಲ ಬೇರೆ, ಒಲೆ ಬೇರೆ ಅಂತ ಅವರು ತಿಳಿಯಲಿಲ್ಲ.

ನಮ್ಮ ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ನೀರಿನಲ್ಲಿ ಸೋನಾ ಮಸೂರಿ ಬೆಳೀತೀವಿ. ಆದರೆ ಕೊಯ್ಲಾದ ಕೂಡಲೇ ಭತ್ತವನ್ನೆಲ್ಲ ಮಾರಿ, ಅಂಗಡಿಯಿಂದ ಅಕ್ಕಿ ಚೀಲ ತರೋ ರೈತರ ಮನೆಗಳೂ ಅದಾವ. ಬೆಳೆದವರೇ ತಮ್ಮ ಅಕ್ಕಿ ಉಣ್ಣದಂಗ ಆಗಬಾರದು.

ಅದಕ್ಕೆ ಮನೆಗೆ ಬೇಕಾದಷ್ಟು ಭತ್ತ ಮೊದಲು ತೆಗೆದಿಡಿ. ತೇವಾಂಶ ಶೇ. 13ರ ಒಳಗೆ ಬರುವತನಕ ಒಣಗಿಸಿ, ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆ ಮೇಲಿಡಿ. ಆರು ತಿಂಗಳು ಹಳತಾದರೆ ಅನ್ನ ಉದುರುದುರಾಗಿ ಆಗತೈತಿ, ನೀರೂ ಜಾಸ್ತಿ ಬೇಕಾಗತೈತಿ. ಹೊಸ ಅಕ್ಕಿಗೆ ನೀರು ಕಡಿಮೆ ಇಡಬೇಕು, ಇಲ್ಲಾಂದ್ರ ಅನ್ನ ಮುದ್ದೆ ಆಗತೈತಿ.

ಯಾವ ಅಕ್ಕಿಗೆ ಎಷ್ಟು ನೀರು ಅನ್ನೋದನ್ನ ಬೆಳೆ ಖರ್ಚು ಬರೆಯೋ ನೋಟ್‌ಬುಕ್ಕಿನಲ್ಲೇ ಬರೆದಿಡಿ. ಮುಂದಿನ ಹಂಗಾಮಿಗೆ ಯಾವ ತಳಿ ಹಾಕಬೇಕು ಅನ್ನೋದಕ್ಕೂ ಆ ಲೆಕ್ಕ ಉಪಯೋಗಕ್ಕೆ ಬರತೈತಿ.