ವಿದೇಶೀ ಯೋಗ ತಂಡಗಳು ಸ್ಥಳ ಆರಿಸುವ ಬಗೆ: ತೋಟದಲ್ಲಿ ಕಟ್ಟಡ ಕಟ್ಟುವ ಮುನ್ನ ಯೋಚಿಸಬೇಕಾದ ಸಂಗತಿಗಳು

ಉಪ್ಪಾರಹಳ್ಳಿಯಲ್ಲಿ ಸಣ್ಣ ಕಾರ್ಖಾನೆ ನಡೆಸುವ ಉದ್ಯಮಿಯೊಬ್ಬರಿಗೆ ಗುಬ್ಬಿ ಅಥವಾ ಕುಣಿಗಲ್ ಕಡೆ ನಾಲ್ಕೆಕರೆ ತೆಂಗಿನ ತೋಟವಿದೆ ಎಂದಿಟ್ಟುಕೊಳ್ಳೋಣ. ಅಲ್ಲಿ ಹತ್ತು ಕೊಠಡಿ ಕಟ್ಟಿಸಿದರೆ ಹೊರದೇಶಗಳ ಯೋಗಾಭ್ಯಾಸಿಗಳು ತಂಡತಂಡವಾಗಿ ಬಂದು ತಂಗುತ್ತಾರೆಂದು ಯಾರೋ ಹೇಳುತ್ತಾರೆ. ಬ್ಯಾಂಕಿನಿಂದ ಸಾಲವೂ ದೊರೆಯುತ್ತದೆ, ಕಟ್ಟಡವೂ ಏಳುತ್ತದೆ. ಆದರೆ ತಂಡಗಳು ಮಾತ್ರ ಬರುವುದಿಲ್ಲ. ಇಂತಹ ನಷ್ಟಕ್ಕೆ ಯೋಗಕ್ಕೆ ಬೇಡಿಕೆ ಇಲ್ಲದಿರುವುದು ಕಾರಣವಲ್ಲ. ಸ್ಥಳವನ್ನು ಆರಿಸುವವರು ಯಾರು, ಅವರು ಏನನ್ನು ನೋಡಿ ಆರಿಸುತ್ತಾರೆ ಎಂಬುದನ್ನು ಅರಿಯದೆ ಬಂಡವಾಳ ಹೂಡುವುದೇ ಕಾರಣ. ಆ ಲೆಕ್ಕಾಚಾರವನ್ನು ಸದಸ್ಯ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

ಮೈಸೂರಿನ ಪಾಠ

ಈ ವಿಷಯದಲ್ಲಿ ನಮ್ಮ ರಾಜ್ಯದ ದೊಡ್ಡ ನಿದರ್ಶನ ಮೈಸೂರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ನಡೆಸಿದರು. ಅವರ ಶಿಷ್ಯರಾದ ಕೆ. ಪಟ್ಟಾಭಿ ಜೋಯಿಸರು 1948ರಲ್ಲಿ ಅಷ್ಟಾಂಗ ಯೋಗದ ಸಂಸ್ಥೆಯನ್ನು ಸ್ಥಾಪಿಸಿದರು. 1964ರಲ್ಲಿ ಬೆಲ್ಜಿಯಂನ ಆಂದ್ರೆ ವಾನ್ ಲೈಸೆಬೆತ್ ಅವರಲ್ಲಿ ಬಂದು ಕಲಿತು ತಮ್ಮ ಬರಹದ ಮೂಲಕ ಯುರೋಪಿಗೆ ಪರಿಚಯಿಸಿದ ಮೇಲೆ ವಿದೇಶೀಯರು ಒಬ್ಬೊಬ್ಬರಾಗಿ ಬರತೊಡಗಿದರು. ಲಕ್ಷ್ಮೀಪುರಂನ ಆ ಪುಟ್ಟ ಶಾಲೆಯಲ್ಲಿ ಏಕಕಾಲಕ್ಕೆ ಸುಮಾರು ಹನ್ನೆರಡು ಮಂದಿಗಷ್ಟೇ ಸ್ಥಳವಿತ್ತು. ಗೋಕುಲಂನ ದೊಡ್ಡ ಶಾಲೆ ಆರಂಭವಾದದ್ದು 2002ರಲ್ಲಿ.

ವರ್ತಕರು ಇಲ್ಲಿ ಗಮನಿಸಬೇಕಾದದ್ದು ಕ್ರಮವನ್ನು. ಮೊದಲು ಗುರು, ಆಮೇಲೆ ಶಿಷ್ಯರು, ಕಡೆಯಲ್ಲಿ ಕಟ್ಟಡ. ಗೋಕುಲಂಗೆ ಬಂದವರು ತಂಗಿದ್ದು ಬಹುಮಟ್ಟಿಗೆ ಬಡಾವಣೆಯ ನಿವಾಸಿಗಳು ತಿಂಗಳ ಬಾಡಿಗೆಗೆ ಕೊಟ್ಟ ಮನೆ, ಕೊಠಡಿಗಳಲ್ಲಿ. ಯಾವ ವಿಲಾಸವೂ ಇಲ್ಲದ ಜಾಗವನ್ನು ಅವರು ಆರಿಸಿಕೊಂಡದ್ದು, ಅಲ್ಲಿಗೆ ಹೋದರೆ ತಮಗೆ ಬೇಕಾದದ್ದು ಖಂಡಿತವಾಗಿ ದೊರೆಯುತ್ತದೆಂಬ ನಂಬಿಕೆಯಿಂದ. ಅಂತಹ ಗುರುವಿಲ್ಲದ ಊರಿನವರು ಈ ನಂಬಿಕೆಯನ್ನು ಬೇರೆ ಬಗೆಯಲ್ಲಿ ಗಳಿಸಬೇಕು.

ಆರಿಸುವವರು ಯಾರು?

ತಂಡದ ಪರವಾಗಿ ಸ್ಥಳ ಆರಿಸುವವರು ಸಾಮಾನ್ಯವಾಗಿ ತಮ್ಮ ಊರಿನಲ್ಲಿ ತರಗತಿ ನಡೆಸುವ ಒಬ್ಬ ಯೋಗಶಿಕ್ಷಕರು ಅಥವಾ ಶಿಕ್ಷಕಿ. ಹತ್ತಿಪ್ಪತ್ತು ಮಂದಿ ಶಿಷ್ಯರನ್ನು ಕಟ್ಟಿಕೊಂಡು ವಾರ ಹತ್ತು ದಿನಗಳ ಶಿಬಿರಕ್ಕೆ ಹೊರಡುವ ಅವರ ಎದುರು ಬಾಲಿ, ಥಾಯ್ಲೆಂಡ್, ಶ್ರೀಲಂಕಾ, ಹೃಷಿಕೇಶ, ಗೋವಾ, ಕೇರಳ ಇವೆಲ್ಲವೂ ಇರುತ್ತವೆ. ಅವರೂ ನಮ್ಮಂತೆಯೇ ಸಣ್ಣ ಬಂಡವಾಳದವರು. ಅವರ ಲೆಕ್ಕವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ನೋಡೋಣ.

ಶಿಬಿರ ಏಳು ರಾತ್ರಿಗಳದು. ವಸತಿ, ಊಟ ಸೇರಿ ಒಬ್ಬರಿಗೆ ದಿನಕ್ಕೆ ರೂ. 4,000ರಂತೆ ರೂ. 28,000 ಆಗುತ್ತದೆ. ಶಿಕ್ಷಕರ ಪ್ರಯಾಣ, ಪ್ರಚಾರ ಮುಂತಾದ ಸ್ಥಿರ ವೆಚ್ಚ ರೂ. 2 ಲಕ್ಷ. ಶಿಬಿರಾರ್ಥಿಯ ಶುಲ್ಕ ರೂ. 60,000. ಹನ್ನೆರಡು ಮಂದಿಯ ಹಣವನ್ನು ಬಂದರೂ ಬಾರದಿದ್ದರೂ ಕೊಡಲೇಬೇಕೆಂದು ಸ್ಥಳದ ಮಾಲೀಕರು ಪಟ್ಟು ಹಿಡಿದರೆ ಒಟ್ಟು ಖರ್ಚು ರೂ. 5,36,000. ಆರೇ ಮಂದಿ ಸೇರಿದರೆ ಶಿಕ್ಷಕರಿಗೆ ರೂ. 1,76,000 ನಷ್ಟ. ಬಂದ ತಲೆಗಳ ಲೆಕ್ಕದಲ್ಲಿ ಕೊಟ್ಟರೆ ಸಾಕೆಂದರೆ ಅದೇ ಆರು ಮಂದಿಗೆ ನಷ್ಟ ರೂ. 8,000 ಮಾತ್ರ. ದಿನದ ದರದಲ್ಲಿ ಐನೂರು ರೂಪಾಯಿ ಇಳಿಸುವುದಕ್ಕಿಂತ ಈ ಷರತ್ತು ಅವರಿಗೆ ದೊಡ್ಡದು. ಹಾಗೆಂದು ಮಾಲೀಕರು ಎಲ್ಲ ಹೊರೆಯನ್ನೂ ತಾವೇ ಹೊರಬೇಕಿಲ್ಲ. ಶಿಬಿರಕ್ಕೆ ಅರವತ್ತು ದಿನ ಮೊದಲು ಸಂಖ್ಯೆಯನ್ನು ಖಚಿತಪಡಿಸಬೇಕು, ಕನಿಷ್ಠ ಎಂಟು ಮಂದಿ ಇರಬೇಕು ಎಂಬಂತಹ ನಡುಮಾರ್ಗ ಇಬ್ಬರಿಗೂ ಕ್ಷೇಮ.

ಸ್ಥಳದಲ್ಲಿ ಪರಿಶೀಲಿಸುವ ಸಂಗತಿಗಳು

ಮೊದಲನೆಯದು ಅಭ್ಯಾಸದ ಹಜಾರ. ಒಬ್ಬರಿಗೆ ಮೂರೂವರೆ ಚದರ ಮೀಟರ್‌ನಂತೆ ಇಪ್ಪತ್ತು ಮಂದಿಗೆ 70 ಚದರ ಮೀಟರ್, ಅಂದರೆ ಸುಮಾರು 750 ಚದರ ಅಡಿ ಬೇಕು. ನಡುವೆ ಕಂಬಗಳಿರಬಾರದು, ನೆಲ ಸಮವಾಗಿರಬೇಕು, ಗಾಳಿಯಾಡಬೇಕು, ಸೊಳ್ಳೆಪರದೆ ಇರಬೇಕು. ಕೊಠಡಿಗಳು ಸೊಗಸಾಗಿದ್ದು ಹಜಾರ ಇಕ್ಕಟ್ಟಾದರೆ ಆ ಸ್ಥಳ ಪಟ್ಟಿಯಿಂದ ಬಿದ್ದುಹೋಗುತ್ತದೆ.

ಎರಡನೆಯದು ನಿಶ್ಶಬ್ದ. ಅಭ್ಯಾಸ ನಡೆಯುವುದು ಬೆಳಗಿನ ಜಾವದಲ್ಲಿ. ಪಕ್ಕದಲ್ಲಿ ಕಲ್ಲುಕ್ವಾರಿ, ಹೆದ್ದಾರಿ ಅಥವಾ ಕಲ್ಯಾಣಮಂಟಪವಿದ್ದರೆ ಮೊದಲೇ ತಿಳಿಸುವುದು ಲೇಸು.

ಮೂರನೆಯದು ಪ್ರಯಾಣ. ಬೆಂಗಳೂರಿನ ವಿಮಾನ ನಿಲ್ದಾಣದಿಂದ ಮೈಸೂರಿಗಿಂತ ತುಮಕೂರು ಬಹಳ ಹತ್ತಿರ. ನಡುರಾತ್ರಿ ಇಳಿಯುವವರಿಗೆ ಇದು ನಿಜವಾದ ಅನುಕೂಲ. ವಾಹನದ ದರವನ್ನು ಮಾತ್ರ ಮೊದಲೇ ಬರೆದು ಕೊಡಬೇಕು.

ನಾಲ್ಕನೆಯದು ಆಹಾರ ಮತ್ತು ನೀರು. ಹಾಲು, ತುಪ್ಪ ಬಿಟ್ಟವರೂ ಗೋಧಿಯಲ್ಲಿರುವ ಗ್ಲುಟೆನ್ ಒಗ್ಗದವರೂ ಇಂತಹ ತಂಡಗಳಲ್ಲಿ ಸಾಮಾನ್ಯ. ರಾಗಿಯಲ್ಲಿ ಗ್ಲುಟೆನ್ ಇಲ್ಲ; ಹಾಲಿನ ಬದಲು ತೆಂಗಿನ ಹಾಲು ಬಳಸಬಹುದು. ಎರಡೂ ನಮ್ಮ ಜಿಲ್ಲೆಯ ಬೆಳೆಗಳೇ. ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ರಾಗಿಯನ್ನೂ ಬೀಸಿದರೆ ಪ್ರಯೋಜನವಿಲ್ಲವೆಂಬುದನ್ನು ಅಡುಗೆಯವರಿಗೆ ತಿಳಿಸಿ ಹೇಳಬೇಕು. ಕೊಳವೆಬಾವಿಯ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ವರದಿಯನ್ನು ಸಿದ್ಧವಾಗಿಟ್ಟುಕೊಳ್ಳಬೇಕು.

ಕಾಗದಪತ್ರಗಳು

ಭಾರತದ ಇ-ಪ್ರವಾಸಿ ವೀಸಾದಲ್ಲಿ ಅಲ್ಪಾವಧಿಯ ಯೋಗ ಕಾರ್ಯಕ್ರಮಕ್ಕೆ ಸೇರಲು ಅವಕಾಶವಿದೆ. ಆದರೆ ಪ್ರವಾಸಿ ವೀಸಾ ಹಣ ಗಳಿಸುವ ಕೆಲಸಕ್ಕಲ್ಲ. ಆದುದರಿಂದ ಶುಲ್ಕ ಪಡೆದು ಶಿಬಿರ ನಡೆಸುವ ವಿದೇಶೀ ಶಿಕ್ಷಕರು ತಮಗೆ ಬೇಕಾದ ವೀಸಾ ಯಾವುದೆಂದು ಭಾರತೀಯ ರಾಯಭಾರ ಕಚೇರಿಯಲ್ಲಿ ವಿಚಾರಿಸಿಯೇ ಬರಬೇಕು. ವಿದೇಶೀಯರು ತಂಗಿದ 24 ಗಂಟೆಗಳೊಳಗೆ ಮಾಲೀಕರು ಅವರ ವಿವರವನ್ನು ಆನ್‌ಲೈನ್ ಮೂಲಕ ವಿದೇಶೀಯರ ನೋಂದಣಿ ಅಧಿಕಾರಿಗೆ ಸಲ್ಲಿಸುವುದು ಕಡ್ಡಾಯ.

ತೋಟದ ಜಮೀನಾದರೆ ಕೃಷಿಯೇತರ ಬಳಕೆಗೆ ಜಿಲ್ಲಾಧಿಕಾರಿಗಳಿಂದ ಭೂಪರಿವರ್ತನೆ, ಆಹಾರ ಒದಗಿಸಲು ಆಹಾರ ಸುರಕ್ಷತಾ ನೋಂದಣಿ, ಹೋಂಸ್ಟೇ ಆದರೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಬೇಕು.

ಹಣ ಡಾಲರಿನಲ್ಲಿ ಬಂದ ಮಾತ್ರಕ್ಕೆ ಅದು ರಫ್ತು, ತೆರಿಗೆ ಇಲ್ಲ ಎಂಬ ತಪ್ಪು ಗ್ರಹಿಕೆ ಕೆಲವರಲ್ಲಿದೆ. ವಸತಿ ಸೇವೆಯ ಸ್ಥಳವೆಂದರೆ ಕಟ್ಟಡವಿರುವ ಸ್ಥಳವೇ. ಆದುದರಿಂದ ಜಿಎಸ್‌ಟಿ ಅನ್ವಯಿಸುತ್ತದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ರೂ. 7,500ರವರೆಗಿನ ಕೊಠಡಿಗಳಿಗೂ ಯೋಗಕೇಂದ್ರಗಳ ಸೇವೆಗೂ ದರವನ್ನು ಶೇ. 5ಕ್ಕೆ ಇಳಿಸಲಾಗಿದೆ. ಆದರೆ ಹೂಡುವಳಿ ತೆರಿಗೆ ಜಮೆ ದೊರೆಯದ ಕಾರಣ ಕಟ್ಟಡ, ಪೀಠೋಪಕರಣಗಳಿಗೆ ತೆತ್ತ ತೆರಿಗೆಯನ್ನು ಯೋಜನಾ ವೆಚ್ಚಕ್ಕೇ ಸೇರಿಸಿಕೊಳ್ಳಬೇಕು.

ಮುಂಗಡ ಮತ್ತು ರದ್ದತಿ

2020ರ ಮಾರ್ಚ್ 13ರಿಂದ ಭಾರತವು ಪ್ರವಾಸಿ ವೀಸಾಗಳನ್ನು ಅಮಾನತಿನಲ್ಲಿಟ್ಟಿತು. ಸಾಮಾನ್ಯ ವಿಮಾನಗಳಲ್ಲಿ ಬರುವ ಪ್ರವಾಸಿಗರಿಗೆ ಮತ್ತೆ ಬಾಗಿಲು ತೆರೆದದ್ದು 2021ರ ನವೆಂಬರ್ 15ರಂದು. ವಿದೇಶೀ ಅತಿಥಿಗಳನ್ನೇ ನಂಬಿದ್ದವರಿಗೆ ಇಪ್ಪತ್ತು ತಿಂಗಳ ಆದಾಯ ನಿಂತಿತು. ಇದರ ಜೊತೆಗೆ, ಐರೋಪ್ಯ ಒಕ್ಕೂಟದಲ್ಲಿ 2018ರ ಜುಲೈ 1ರಿಂದ ಜಾರಿಯಲ್ಲಿರುವ ಪ್ಯಾಕೇಜ್ ಪ್ರವಾಸ ನಿಯಮಗಳ ಪ್ರಕಾರ, ವಸತಿ ಮತ್ತು ಇತರ ಸೇವೆಗಳನ್ನು ಒಟ್ಟಾಗಿ ಮಾರುವ ಆಯೋಜಕರೇ ಗ್ರಾಹಕರಿಗೆ ಹೊಣೆ. ಆದ್ದರಿಂದಲೇ ಅಲ್ಲಿನ ಶಿಕ್ಷಕರು ಅಗ್ನಿಶಾಮಕ ವ್ಯವಸ್ಥೆ, ಹತ್ತಿರದ ಆಸ್ಪತ್ರೆ, ವಿಮೆ, ಹಣ ಮರುಪಾವತಿಯ ನಿಯಮ ಎಲ್ಲವನ್ನೂ ಬರವಣಿಗೆಯಲ್ಲಿ ಕೇಳುತ್ತಾರೆ. ಇದನ್ನು ಅಪನಂಬಿಕೆಯೆಂದು ಭಾವಿಸಬಾರದು. ಎರಡು ಪುಟಗಳ ಸ್ಪಷ್ಟ ಉತ್ತರವನ್ನು ಮರುದಿನವೇ ಕಳುಹಿಸುವ ಸ್ಥಳಕ್ಕೆ ತಂಡ ಬರುವ ಸಂಭವ ಹೆಚ್ಚು. ಮುಂಗಡ ಹಣವನ್ನು ಶಿಬಿರ ಮುಗಿಯುವವರೆಗೆ ಬೇರೆ ಖಾತೆಯಲ್ಲಿಟ್ಟು, ವ್ಯಾಪಾರದ ಇತರ ಖರ್ಚಿಗೆ ಬಳಸದಿರುವುದು ವಿವೇಕ.

ನಾವು ಮಾಡಬಹುದಾದದ್ದು

ನಮ್ಮ ದೇವರಾಯನದುರ್ಗದಲ್ಲಿ ಕೆಳಗೆ ಭೋಗಾನರಸಿಂಹ, ಬೆಟ್ಟದ ಮೇಲೆ ಯೋಗಾನರಸಿಂಹ ನೆಲೆಸಿದ್ದಾರೆ. ಭೋಗದಿಂದ ಆರಂಭಿಸಿ ಯೋಗಕ್ಕೆ ಏರುವುದು ಬೆಟ್ಟದ ಕ್ರಮವಾದರೆ, ಈ ಉದ್ಯಮದ ಕ್ರಮ ಅದಕ್ಕೆ ತಿರುಗುಮುರುಗು. ವೈಭವದ ಕಟ್ಟಡ ಕಡೆಗೆ ಬರಲಿ. ಮೊದಲು ಈಗಾಗಲೇ ಪರವಾನಗಿ ಇರುವ ವಸತಿಗೃಹವೊಂದನ್ನು ವಾರದ ಮಟ್ಟಿಗೆ ಗೊತ್ತುಮಾಡಿಕೊಂಡು, ಬೆಂಗಳೂರಿನ ಯೋಗಶಿಕ್ಷಕರೊಬ್ಬರ ಪುಟ್ಟ ತಂಡವನ್ನು ಕರೆದು ನೋಡಬಹುದು. ಊಟ, ವಾಹನ, ನೀರು, ನಿಶ್ಶಬ್ದ ಎಲ್ಲಿ ತಪ್ಪಿತೆಂಬುದನ್ನು ಅವರಿಂದಲೇ ಬರೆಸಿಕೊಳ್ಳಬೇಕು. ಎರಡು ಮೂರು ತಂಡಗಳು ತೃಪ್ತಿಯಿಂದ ಮರಳಿ, ಅವುಗಳಲ್ಲಿ ಒಂದಾದರೂ ಮತ್ತೆ ಬಂದ ಮೇಲೆ ಬ್ಯಾಂಕಿನ ಅರ್ಜಿಗೆ ಸಹಿ ಹಾಕಬಹುದು. ಅಷ್ಟರವರೆಗೆ ತೋಟದ ತೆಂಗು ಫಲ ಕೊಡುತ್ತಲೇ ಇರುತ್ತದೆ. ಕಟ್ಟದಿರುವ ಕೊಠಡಿಗೆ ಬಡ್ಡಿಯಂತೂ ಇರುವುದಿಲ್ಲ.